ಕೊಳ್ಳುವವರು ಬೇರೆ, ಓದುವವರು ಬೇರೆ: ಮಕ್ಕಳ ಕಾದಂಬರಿಯ ಸುತ್ತ ಏಳು ತಪ್ಪು ಕಲ್ಪನೆಗಳು

1934ನೆಯ ಇಸವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ನೆರೆದಾಗ ಆ ನಗರವು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಕಚೇರಿಯ ಕಾಗದಪತ್ರಗಳೂ ಉನ್ನತ ವಿದ್ಯಾಭ್ಯಾಸವೂ ಉರ್ದುವಿನಲ್ಲಿ ನಡೆಯುತ್ತಿದ್ದ ಆ ಸೀಮೆಯಲ್ಲಿ, ಕನ್ನಡಿಗರು ತಮ್ಮ ಭಾಷೆಯ ಅತ್ಯುಚ್ಚ ಗೌರವಪೀಠದಲ್ಲಿ ಕುಳ್ಳಿರಿಸಿದುದು ಪಂಜೆ ಮಂಗೇಶರಾಯರನ್ನು: ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದವರನ್ನು, 'ಕವಿಶಿಷ್ಯ'ನೆಂಬ ಹೆಸರಿನಿಂದ ಮಕ್ಕಳಿಗೆ ಪದ್ಯ ಬರೆದವರನ್ನು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದವರನ್ನು. ಹೀಗಿದ್ದೂ ಮಕ್ಕಳಿಗಾಗಿ ಕಾದಂಬರಿ ಬರೆಯಹೊರಟವರನ್ನು ಕಂಡು, ದೊಡ್ಡದನ್ನು ಬರೆಯಲಾರದೆ ಚಿಕ್ಕದಕ್ಕೆ ಕೈಹಾಕಿದರೆಂದು ಮುಗುಳ್ನಗುವವರು ರಾಯಚೂರಿನಲ್ಲಿಯೂ ಉಂಟು, ಮಾನ್ವಿ ದೇವದುರ್ಗಗಳಲ್ಲಿಯೂ ಉಂಟು, ಬೆಂಗಳೂರಿನಲ್ಲಂತೂ ಧಾರಾಳವಾಗಿ ಉಂಟು.

ಇಲ್ಲಿ ನಾನು ವಿಚಾರಿಸಹೊರಟಿರುವುದು ಶಿಶುಗೀತೆಯನ್ನಲ್ಲ, ಚಿತ್ರಪುಸ್ತಕವನ್ನೂ ಅಲ್ಲ. ಸ್ಥೂಲವಾಗಿ ನಾಲ್ಕನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ, ತಾನೇ ಕುಳಿತು ತಾನೇ ಓದಿಕೊಳ್ಳಬಲ್ಲ, ಆದರೆ ಇನ್ನೂ ಪ್ರೌಢಶಾಲೆಯ ಹೊಸ್ತಿಲನ್ನು ದಾಟದ ಹುಡುಗ ಹುಡುಗಿಯರಿಗಾಗಿ ಬರೆದ ಕಾದಂಬರಿಯೇ ನನ್ನ ವಿಷಯ. ಅದನ್ನು ಕುರಿತ ತಪ್ಪು ಕಲ್ಪನೆಗಳು ಹಲವು. ಆದರೆ ಅವುಗಳ ಮೂಲವನ್ನು ಹುಡುಕುತ್ತ ಹೋದರೆ ಬಹುಪಾಲು ಒಂದೇ ಸ್ಥಳಕ್ಕೆ ಬಂದು ಸೇರುತ್ತವೆ. ಈ ಪುಸ್ತಕವನ್ನು ಓದುವವನು ಹತ್ತು ವರ್ಷದ ಬಾಲಕ. ಕೊಳ್ಳುವವರು ಮಾತ್ರ ತಂದೆತಾಯಿಗಳು, ಮಾಸ್ತರರು, ಗ್ರಂಥಾಲಯದ ಆಯ್ಕೆ ಸಮಿತಿಯವರು. ಕೊಳ್ಳುವವರ ರುಚಿಯನ್ನೇ ಓದುವವನ ರುಚಿಯೆಂದು ಭ್ರಮಿಸಿದಲ್ಲಿ ಏನೇನು ವಿಪರೀತಗಳು ಹುಟ್ಟುವುವೆಂಬುದನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಮಕ್ಕಳ ಕಾದಂಬರಿಯು ದೊಡ್ಡವರ ಕಾದಂಬರಿಗೆ ಪೂರ್ವಾಭ್ಯಾಸ.

ಸತ್ಯ: ನಮ್ಮ ಸಾಹಿತ್ಯದ ಚರಿತ್ರೆಯು ಈ ಕ್ರಮವನ್ನು ಒಪ್ಪುವುದಿಲ್ಲ. ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು ಪ್ರಕಟಿಸಿದುದು 1933ರಲ್ಲಿ. ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಬೃಹತ್ ಸಂಪುಟಗಳಿಗೆ ಅವರು ಬೆವರು ಸುರಿಸಿದುದು ಆ ಬಳಿಕ. ಸಾಗರದ ನಾ. ಡಿಸೋಜರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ನೆಲದ ವ್ಯಥೆಯನ್ನು 'ದ್ವೀಪ'ದಲ್ಲಿ ವಯಸ್ಕರಿಗೆ ಹೇಳಿದ್ದರು. ಮುಳುಗಡೆಯೆಂಬ ಅದೇ ವಸ್ತುವನ್ನು ಮಕ್ಕಳಿಗಾಗಿ ಮತ್ತೊಮ್ಮೆ ಕೈಗೆತ್ತಿಕೊಂಡು ಬರೆದ 'ಮುಳುಗಡೆಯ ಊರಿಗೆ ಬಂದವರು' ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಇವರಾರೂ ಚಿಕ್ಕದರಲ್ಲಿ ಕೈ ಪಳಗಿಸಿಕೊಂಡು ದೊಡ್ಡದಕ್ಕೆ ಹೋದವರಲ್ಲ. ಪಳಗಿದ ಕೈಯನ್ನೇ ಮಕ್ಕಳ ಸೇವೆಗೆ ನೀಡಿದವರು.

ಕಷ್ಟವು ಎಲ್ಲಿದೆಯೆಂದರೆ, ವಯಸ್ಕ ಓದುಗನು ಲೇಖಕನ ಕೀರ್ತಿಗೆ ಮಣಿದೋ ಕೊಟ್ಟ ಹಣದ ಮೇಲಣ ಮಮತೆಯಿಂದಲೋ ಐವತ್ತು ನೀರಸ ಪುಟಗಳನ್ನು ಸಹಿಸಿಕೊಳ್ಳುವನು. ಬಾಲಕನಿಗೆ ಈ ದಾಕ್ಷಿಣ್ಯವಿಲ್ಲ. ಮೂರನೆಯ ಪುಟದಲ್ಲಿ ಬೇಸರವಾದರೆ ಪುಸ್ತಕವನ್ನು ಮಗುಚಿಟ್ಟು ಗೋಲಿಯಾಡಲು ಎದ್ದುಹೋಗುವನು, ಲೇಖಕನಿಗೆ ಯಾವ ಪ್ರಶಸ್ತಿ ಬಂದಿದೆಯೆಂದು ಕೇಳುವುದಿಲ್ಲ. ಆದುದರಿಂದ ಇಲ್ಲಿ ಪ್ರತಿಯೊಂದು ಅಧ್ಯಾಯವೂ ಏನಾದರೊಂದು ಬದಲಾವಣೆಯನ್ನು ತಂದೇ ಮುಗಿಯತಕ್ಕದ್ದು. ಅಧ್ಯಾಯದ ಆರಂಭದಲ್ಲಿ ನಾಯಕನಿಗೆ ತಿಳಿಯದೆ ಇದ್ದ ಸಂಗತಿಯೊಂದು ಅಂತ್ಯದಲ್ಲಿ ತಿಳಿದಿರಬೇಕು, ಇಲ್ಲವೇ ಕೈಯಲ್ಲಿದ್ದ ವಸ್ತುವೊಂದು ಕಳೆದಿರಬೇಕು. ಹಿನ್ನೆಲೆಯ ವರ್ಣನೆಯನ್ನು ನಾಲ್ಕು ಪುಟ ಹರಡುವ ಸ್ವಾತಂತ್ರ್ಯ ಇಲ್ಲಿಲ್ಲ. ಕೆಲಸ ನಡೆಯುತ್ತಿರುವಾಗಲೇ, ಆ ಕೆಲಸಕ್ಕೆ ಬೇಕಾದಷ್ಟೇ ವರ್ಣನೆಯನ್ನು ಹೊಂದಿಸಬೇಕು. ಇಂಥ ಸಂಯಮವು ಅನುಭವಸ್ಥನಿಗೂ ಕಷ್ಟಸಾಧ್ಯ.

ತಪ್ಪು ಕಲ್ಪನೆ 2: ಕೊನೆಯಲ್ಲಿ ಒಂದು ನೀತಿ ಇರಲೇಬೇಕು.

ಸತ್ಯ: ಇದು ಅಪ್ಪಟ ಕೊಳ್ಳುವವರ ಬೇಡಿಕೆ. ಪುಸ್ತಕವನ್ನು ಕೈಗೆತ್ತಿಕೊಂಡ ಮಾಸ್ತರರು ಕಡೆಯ ಪುಟವನ್ನು ತಿರುವಿ, ಸತ್ಯ, ಅಹಿಂಸೆ, ಪರಿಸರರಕ್ಷಣೆ ಇವುಗಳಲ್ಲಿ ಯಾವುದಾದರೊಂದು ಅಲ್ಲಿ ಕುಳಿತಿದೆಯೇ ಎಂದು ಪರೀಕ್ಷಿಸುವರು. ಕುಳಿತಿದ್ದರೆ ಸಮಾಧಾನದಿಂದ ಪಟ್ಟಿಗೆ ಸೇರಿಸುವರು. ಆದರೆ ಬಾಲಕನು ನೀತಿಯನ್ನು ಕಲಿಯುವುದು ಉಪಸಂಹಾರದ ಉಪದೇಶದಿಂದಲ್ಲ. ಕಥಾನಾಯಕನು ಎರಡು ಒಳ್ಳೆಯ ವಸ್ತುಗಳಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ ಯಾವುದನ್ನು ಬಿಟ್ಟನು, ಅದಕ್ಕಾಗಿ ಏನನ್ನು ತೆತ್ತನು ಎಂಬುದನ್ನು ಜೊತೆಯಲ್ಲಿದ್ದು ನೋಡುವುದರಿಂದ.

ಈ ಭ್ರಮೆಯಿಂದ ಹುಟ್ಟುವ ಇನ್ನೊಂದು ದೋಷವು ಇದಕ್ಕಿಂತ ಹೆಚ್ಚು ಹಾನಿಕರವಾದುದು. ಹನ್ನೆರಡು ಅಧ್ಯಾಯಗಳ ಪರ್ಯಂತ ಕಳ್ಳನ ಜಾಡನ್ನು ಹಿಡಿದು ಹೋದ ಮಕ್ಕಳು ಹದಿಮೂರನೆಯದರಲ್ಲಿ ಸಿಕ್ಕಿಬೀಳುವರು. ಆ ಕ್ಷಣಕ್ಕೆ ಸರಿಯಾಗಿ ಪೊಲೀಸರೋ ಹೆಡ್‌ಮಾಸ್ತರರೋ ಒದಗಿ ಬಂದು ಎಲ್ಲವನ್ನೂ ನೆಟ್ಟಗೆ ಮಾಡಿ, ಮಕ್ಕಳ ಬೆನ್ನು ತಟ್ಟುವರು. ದೊಡ್ಡವರಿಗೆ ಈ ಮುಕ್ತಾಯವು ಹಿತವಾಗಿ ಕಾಣುವುದು, ಏಕೆಂದರೆ ಅಲ್ಲಿ ಅವರದೇ ಮಹಿಮೆ. ಓದುತ್ತಿದ್ದ ಬಾಲಕನಿಗಾದರೋ ತನ್ನ ಕೈಯಿಂದ ಕತೆಯನ್ನು ಕಸಿದುಕೊಂಡಂತಾಗುವುದು. ಈ ವಯಸ್ಸಿನವರ ಕಾದಂಬರಿಯಲ್ಲಿ ಗಂಟನ್ನು ಬಿಡಿಸತಕ್ಕವರು ಮಕ್ಕಳೇ. ಹಿರಿಯರು ನೆರವಾಗಬಹುದು, ಅಡ್ಡಿಯಾಗಬಹುದು, ಉದ್ಧಾರಕರಾಗಕೂಡದು.

ತಪ್ಪು ಕಲ್ಪನೆ 3: ಬಡತನ, ವಲಸೆ, ಸಾವು ಇವು ಮಕ್ಕಳ ಪುಸ್ತಕಕ್ಕೆ ತಕ್ಕ ವಿಷಯಗಳಲ್ಲ.

ಸತ್ಯ: ದೇವದುರ್ಗ ತಾಲೂಕಿನ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಗುಳೆ ಹೋಗುವುದನ್ನು ಆ ಹಳ್ಳಿಯ ಮಕ್ಕಳು ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆಯ ಹಾಜರಿಪುಸ್ತಕದಲ್ಲಿ ಯಾರ ಯಾರ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುವುದೆಂಬುದೂ ಅವರಿಗೆ ಗೊತ್ತು. ಅವರು ಪ್ರತಿದಿನ ಕಾಣುವುದನ್ನು ಪುಸ್ತಕದಲ್ಲಿ ಕಾಣಿಸದಂತೆ ಮುಚ್ಚಿಡುವುದರಿಂದ ರಕ್ಷಣೆಯಾಗುವುದು ಮಕ್ಕಳ ಮುಗ್ಧತೆಗಲ್ಲ, ಕೊಳ್ಳುವವರ ನೆಮ್ಮದಿಗೆ.

ಕಲೆಗಾರಿಕೆಯ ದೃಷ್ಟಿಯಿಂದ ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮಕ್ಕಳ ಕಾದಂಬರಿಕಾರರನ್ನು ಎಲ್ಲ ದೇಶಗಳಲ್ಲಿಯೂ ಕಾಡುವ ಪ್ರಶ್ನೆಯೆಂದರೆ, ಮಕ್ಕಳು ಸ್ವತಂತ್ರವಾಗಿ ನಡೆಯುವಂತಾಗಬೇಕಾದರೆ ತಂದೆತಾಯಿಗಳನ್ನು ಕತೆಯಿಂದ ಹೇಗೆ ದೂರ ಮಾಡುವುದು ಎಂಬುದು. ಇದಕ್ಕಾಗಿಯೇ ಇಂಗ್ಲಿಷರ ಕತೆಗಳಲ್ಲಿ ಅನಾಥರೂ ವಸತಿಶಾಲೆಗಳೂ ಅಷ್ಟು ಹೇರಳ. ಅಜ್ಜಿಯ ವಶದಲ್ಲಿ ಬಿಟ್ಟುಹೋದ ಮಕ್ಕಳಿರುವ ಗುಳೆಯ ಊರಿನಲ್ಲಿ ಲೇಖಕನಿಗೆ ಈ ಸನ್ನಿವೇಶವನ್ನು ಎಲ್ಲಿಂದಲೋ ಎರವಲು ತರಬೇಕಾಗಿಲ್ಲ. ತಮ್ಮನನ್ನು ಶಾಲೆಗೆ ಕಳುಹಿಸಿ, ಅಜ್ಜಿಗೆ ಮದ್ದು ತಂದು, ಊರಿಗೆ ಬಾರದ ತಂದೆಗೆ ಸುದ್ದಿ ಮುಟ್ಟಿಸಬೇಕಾದ ಹನ್ನೊಂದು ವರ್ಷದ ಹುಡುಗಿಯು ಕಥಾನಾಯಿಕೆಯಾಗಲು ಬೇಕಾದ ಎಲ್ಲ ಹೊಣೆಯನ್ನೂ ಆಗಲೇ ಹೊತ್ತುಕೊಂಡಿರುವಳು. ಲೇಖಕನು ಪಾಲಿಸಬೇಕಾದ ನಿಯಮವು ಇಷ್ಟೇ: ದುಃಖವನ್ನು ಆ ಹುಡುಗಿಯ ಎತ್ತರದಿಂದ, ಆಕೆಗೆ ಕಾಣುವಷ್ಟನ್ನೇ ಕಾಣಿಸಬೇಕು; ಆಕೆಯ ಮೇಲೆ ಕನಿಕರಪಡಬಾರದು; ಮತ್ತು ಎಂಥ ಇಕ್ಕಟ್ಟಿನಲ್ಲಿಯೂ ಆಕೆ ಮಾಡಬಹುದಾದ ಒಂದು ಕೆಲಸ ಉಳಿದಿರಬೇಕು.

ತಪ್ಪು ಕಲ್ಪನೆ 4: ಭಾಷೆಯು ಪಠ್ಯಪುಸ್ತಕದಂತೆ ಸರಳವಾಗಿರಬೇಕು, ಆಡುಮಾತು ಸಲ್ಲದು, ಕಠಿಣ ಪದ ಕೂಡದು.

ಸತ್ಯ: ಹರಿದಾಸ ಪರಂಪರೆಯ ಮೂವರು ಮಹನೀಯರನ್ನು ಮಾನ್ವಿ, ದೇವದುರ್ಗ ಎಂಬ ಎರಡು ತಾಲೂಕುಗಳು ನಾಡಿಗೆ ಕೊಟ್ಟಿವೆ: ಮಾನ್ವಿಯ ಚೀಕಲಪರ್ವಿಯಿಂದ ವಿಜಯದಾಸರು, ಬ್ಯಾಗವಾಟದಿಂದ ಜಗನ್ನಾಥದಾಸರು, ದೇವದುರ್ಗದ ಮೊಸರಕಲ್ಲಿನಿಂದ ಗೋಪಾಲದಾಸರು. ಅವರ ಕೀರ್ತನೆಗಳನ್ನೂ ಭಾಮಿನಿ ಷಟ್ಪದಿಯಲ್ಲಿರುವ 'ಹರಿಕಥಾಮೃತಸಾರ'ವನ್ನೂ ಭಜನೆಯ ಮನೆಗಳಲ್ಲಿ ಚಿಕ್ಕಂದಿನಿಂದಲೇ ಕೇಳುತ್ತ ಬೆಳೆದ ಮಕ್ಕಳ ಕಿವಿಯು ಎಷ್ಟೋ ಕಠಿಣವಾದ ಸಂಸ್ಕೃತ ಶಬ್ದಗಳನ್ನು ಅರ್ಥಕ್ಕೆ ಮೊದಲು ನಾದದಿಂದಲೇ ಸ್ವೀಕರಿಸಿದೆ. ಅರಿಯದ ಶಬ್ದವೊಂದು ಎದುರಾದರೆ ಬಾಲಕನು ಸಂದರ್ಭದಿಂದ ಊಹಿಸಿಕೊಂಡು ಮುಂದೆ ಸಾಗುವನು. ಆ ಊಹೆಯೇ ಅವನಿಗೊಂದು ಸಂತೋಷ. ಅವನನ್ನು ನಿಜವಾಗಿ ದಣಿಸುವುದು ಕ್ರಿಯಾಪದವು ಬಹುದೂರದಲ್ಲಿ ಅಡಗಿರುವ ವಾಕ್ಯ. ಈ ನನ್ನ ಪ್ರಬಂಧದ ವಾಕ್ಯಗಳಂಥವು ಅವನಿಗೆ ಸಲ್ಲವೆಂಬುದನ್ನು ನಾನು ನಿಸ್ಸಂಕೋಚವಾಗಿ ಒಪ್ಪುವೆನು.

ಆಡುಮಾತಿನ ವಿಚಾರವೂ ಹೀಗೆಯೇ. ಕಾಲುವೆಯ ಏರಿಯ ಮೇಲೆ ನಿಂತ ಮಾನ್ವಿಯ ಹುಡುಗನು "ಅಮ್ಮಾ, ನಾನು ಬರುವುದಿಲ್ಲ, ಶಾಲೆಗೆ ಹೋಗುತ್ತೇನೆ" ಎಂದು ಪುಸ್ತಕದಲ್ಲಿ ನುಡಿದರೆ ಮಾನ್ವಿಯ ಓದುಗನಿಗೆ ಅವನು ಪರಊರಿನವನಾಗಿ ತೋರುವನು. "ನಾ ಬರಂಗಿಲ್ಲಬೇ ಯವ್ವಾ, ಸಾಲಿಗಿ ಹೋಗ್ತೀನಿ" ಎಂದರೆ ಮೈಸೂರಿನ ಓದುಗನಿಗೂ ಅರ್ಥವಾಗುವುದು. ನಿರೂಪಣೆಯನ್ನು ಎಲ್ಲರಿಗೂ ಪರಿಚಿತವಾದ ಕನ್ನಡದಲ್ಲಿ ನಡೆಸಿ, ಸಂಭಾಷಣೆಯನ್ನು ಊರಿನ ಮಾತಿಗೆ ಬಿಡುವುದು ಬಹುಕಾಲದಿಂದ ಪರೀಕ್ಷಿತವಾದ ಮಾರ್ಗ. ಉರ್ದು ತೆಲುಗುಗಳ ಬೆರಕೆಯಿಂದ ರುಚಿಗೊಂಡಿರುವ ರಾಯಚೂರು ಸೀಮೆಯ ಮಾತನ್ನು ತೊಳೆದು ಬಿಳುಪು ಮಾಡಿದರೆ ಪಾತ್ರಗಳೇ ಬಣ್ಣಗೆಡುವುವು.

ತಪ್ಪು ಕಲ್ಪನೆ 5: ಸಾಹಸದ ಕತೆಗೆ ದೂರದೇಶ ಬೇಕು, ನಮ್ಮೂರಿನಲ್ಲಿ ಏನಿದೆ?

ಸತ್ಯ: ರಾಯಚೂರಿನ ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯು ಕೋಟೆಯನ್ನು ಕಟ್ಟಿಸಿದನೆಂಬ ತೆಲುಗು ಶಾಸನವು ಅದರ ಮೇಲಿದೆ. ಅಂಥ ಬಂಡೆಯನ್ನು ಉದ್ದನೆಯ ಬಂಡಿಯ ಮೇಲೇರಿಸಿ, ಸಾಲುಗಟ್ಟಿದ ಕೋಣಗಳಿಂದ ಎಳೆಯಿಸಿ, ಜನರು ಹಿಂದಿನಿಂದ ಒತ್ತುತ್ತ ತಂದ ಬಗೆಯ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ಕಾದಂಬರಿಯೊಂದರ ಬೀಜವು ಇಷ್ಟು ಸ್ಪಷ್ಟವಾಗಿ ಗೋಡೆಯ ಮೇಲೆ ಕೊರೆದಿರುವ ನಗರಗಳು ವಿರಳ. ಅದೇ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾಯಿತು; ಪೋರ್ತುಗೀಸ್ ಬಂದೂಕುಗಾರರು ರಾಯನ ಪಕ್ಷದಲ್ಲಿದ್ದುದನ್ನು ಅವರ ದೇಶದವನೇ ಆದ ನೂನಿಜನು ಬರೆದಿಟ್ಟಿದ್ದಾನೆ. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನವು 1915ರಲ್ಲಿ ಗಣಿಯ ಎಂಜಿನಿಯರನೊಬ್ಬನ ಕಣ್ಣಿಗೆ ಬಿದ್ದಿತು. ಹಟ್ಟಿಯಲ್ಲಿ ಇಂದಿಗೂ ನೆಲದಾಳದಿಂದ ಚಿನ್ನ ತೆಗೆಯುತ್ತಿದ್ದಾರೆ.

ಆದರೆ ಈ ಸಂಗತಿಗಳನ್ನು ಸಾಲಾಗಿ ಜೋಡಿಸಿದ ಮಾತ್ರಕ್ಕೆ ಕಾದಂಬರಿಯಾಗದು. ಹಾಗೆ ಮಾಡಿದರೆ ಅಜ್ಜನೊಬ್ಬನು ಮೊಮ್ಮಕ್ಕಳನ್ನು ಕೋಟೆಗೆ ಕರೆದೊಯ್ದು ಇಸವಿಗಳನ್ನು ಒಪ್ಪಿಸುವ ವೇಷಧಾರಿ ಪಾಠವಾಗುವುದು. ಬಂಡೆಯ ಕತೆಯು ಕಾದಂಬರಿಯಾಗುವುದು ಆ ಕೋಣಗಳ ಸಾಲಿನಲ್ಲಿ ಒಂದು ಜೋಡಿಯನ್ನು ಹೊಡೆಯುವ ಹನ್ನೊಂದು ವರ್ಷದ ಹುಡುಗನನ್ನು ನಾವು ಕಂಡಾಗ. ಆ ಜೋಡಿಯಲ್ಲೊಂದು ಕುಂಟುತ್ತಿದೆ. ತಿಳಿದರೆ ಮೇಸ್ತ್ರಿಯು ಅದನ್ನು ಬಿಡಿಸಿ ಹುಡುಗನನ್ನೂ ಮನೆಗಟ್ಟುವನು. ಹೇಳದಿದ್ದರೆ ಇಳಿಜಾರಿನಲ್ಲಿ ಬಂಡಿಯು ಜಾರಿ ಹತ್ತಾರು ಮಂದಿಗೆ ಅಪಾಯವಾದೀತು. ಇಲ್ಲಿಂದ ಮುಂದೆ ಇಸವಿಯನ್ನು ಯಾರೂ ಹೇಳಬೇಕಾಗಿಲ್ಲ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲನ್ನೆಳೆಯುವ ಪಂದ್ಯವನ್ನು ನೋಡಿದ ಬಾಲಕನಿಗೆ ಹಗ್ಗದ ಬಿಗಿತವೂ ಗೊರಸಿನ ಧೂಳೂ ವರ್ಣಿಸದೆಯೇ ಗೊತ್ತು.

ನೋಡಿದುದನ್ನೇ ಬರೆಯಬೇಕೆಂಬ ವಾದವೂ ಅತಿಯಾದುದೇ. ಬಂಗಾಳದ ವಿಭೂತಿಭೂಷಣ ಬಂದ್ಯೋಪಾಧ್ಯಾಯರು ಆಫ್ರಿಕಾ ಖಂಡಕ್ಕೆ ಕಾಲಿಡದೆಯೇ, ಓದಿನ ಬಲದಿಂದಲೇ, ಅಲ್ಲಿನ ಕಾಡುಗಳಲ್ಲಿ ಅಲೆಯುವ ಬಂಗಾಳಿ ತರುಣನ ಕತೆಯಾದ 'ಚಾಂದೇರ್ ಪಹಾಡ್' ಬರೆದರು. 1937ರಿಂದ ಈವರೆಗೆ ಬಂಗಾಳದ ಮಕ್ಕಳು ಅದನ್ನು ಕೈಬಿಟ್ಟಿಲ್ಲ. ಆದರೆ ಆ ನಾಯಕನು ಬಂಗಾಳದ ಹಳ್ಳಿಯೊಂದರಿಂದಲೇ ಹೊರಟವನೆಂಬುದನ್ನು ಮರೆಯಬಾರದು.

ತಪ್ಪು ಕಲ್ಪನೆ 6: ಇದರಿಂದ ಜೀವನ ಸಾಗುವುದು; ಅಥವಾ ಇದರಿಂದ ಬಿಡಿಗಾಸೂ ಬಾರದು.

ಸತ್ಯ: ಎರಡೂ ಅಸತ್ಯ. ಕನ್ನಡದಲ್ಲಿ ಸಾಮಾನ್ಯವಾಗಿ ಒಂದು ಮುದ್ರಣಕ್ಕೆ ಸಾವಿರ ಪ್ರತಿ. ರಾಯಧನವು ಮುಖಬೆಲೆಯ ಶೇಕಡಾ 10 ಎಂಬುದು ರೂಢಿ. 150 ರೂಪಾಯಿ ಬೆಲೆಯ ಪುಸ್ತಕದ ಸಾವಿರ ಪ್ರತಿಯೂ ಮಾರಾಟವಾದರೆ ಲೇಖಕನಿಗೆ ಸಲ್ಲುವುದು 15,000 ರೂಪಾಯಿ. ಮಾರಾಟಕ್ಕೆ ಕೆಲವು ವರ್ಷಗಳು ಹಿಡಿದರೆ ಆಶ್ಚರ್ಯವಿಲ್ಲ. ಒಂದು ವರ್ಷದ ಪರಿಶ್ರಮಕ್ಕೆ ಇದು ಸಂಬಳವೆನಿಸದು. ಅದರಿಂದಲೇ ನಮ್ಮ ಮಕ್ಕಳ ಸಾಹಿತಿಗಳು ಬೇರೊಂದು ವೃತ್ತಿಯನ್ನು ಕೈಯಲ್ಲಿಟ್ಟುಕೊಂಡವರು: ಪಂಜೆಯವರು ವಿದ್ಯಾ ಇಲಾಖೆಯಲ್ಲಿದ್ದರು, ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿದ್ದರು, 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ 2010ರ ಬಾಲಸಾಹಿತ್ಯ ಪುರಸ್ಕಾರ ಪಡೆದ ಬೊಳುವಾರು ಮಹಮದ್ ಕುಂಞಿಯವರು ಬ್ಯಾಂಕಿನಲ್ಲಿದ್ದರು.

ಹಾಗೆಂದು ಇದು ಕೇವಲ ಹವ್ಯಾಸವೂ ಅಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದ ಪುಸ್ತಕದ ನೂರಾರು ಪ್ರತಿಗಳು ಒಮ್ಮೆಗೇ ವಿಕ್ರಯವಾಗುವುವು. ಯುವ ಬರೆಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರವು ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರದ ಮೊತ್ತ 50,000 ರೂಪಾಯಿ. ಆ ಪುರಸ್ಕಾರವು ಬಸು ಬೇವಿನಗಿಡದರ 'ಓಡಿ ಹೋದ ಹುಡುಗ'ನಿಗೆ 2021ರಲ್ಲಿ, ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ 2022ರಲ್ಲಿ, ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'ಗೆ 2023ರಲ್ಲಿ ಹೀಗೆ ಸಾಲಾಗಿ ಕಾದಂಬರಿಗಳಿಗೇ ಸಂದುದು ಈ ಪ್ರಕಾರದ ಚೈತನ್ಯಕ್ಕೆ ಸಾಕ್ಷಿ. ಅದಕ್ಕೂ ಮುನ್ನ, 2019ರಲ್ಲಿ, ಪುರಸ್ಕೃತರಾದ ಚಂದ್ರಕಾಂತ ಕರದಳ್ಳಿಯವರು ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಶಹಾಪುರ ಸೀಮೆಯವರು. ಬೆಂಗಳೂರಿನಲ್ಲಿ ನೆಲಸಿದ ಹೊರತು ಲೇಖಕನಾಗಲಾರೆನೆಂಬುವರಿಗೆ ಇದಕ್ಕಿಂತ ಸಮೀಪದ ಉತ್ತರ ಬೇಕಾಗಿಲ್ಲ.

ಹೊಸಬರು ಸಹಿ ಹಾಕುವ ಮುನ್ನ ಒಂದು ವಿಷಯವನ್ನು ತಿಳಿದಿರಬೇಕು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆಯು ಬರವಣಿಗೆಯಲ್ಲಿರತಕ್ಕದ್ದು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದು ಭಾವಿಸಲ್ಪಡುವುದು. ಹಕ್ಕು ಲೇಖಕನ ಜೀವಿತಾವಧಿಯ ಮೇಲೆ ಮತ್ತೆ 60 ವರ್ಷ ಬಾಳುವುದು. ಮಕ್ಕಳ ಪುಸ್ತಕವು ಪ್ರತಿ ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ಓದುಗರ ತಂಡವನ್ನು ಪಡೆಯುವುದರಿಂದ ಅದಕ್ಕೆ ದೀರ್ಘಾಯುಸ್ಸು ಸಂಭವ. ಅಲ್ಪ ಹಣಕ್ಕೆ ಶಾಶ್ವತವಾಗಿ ಹಕ್ಕನ್ನು ಬರೆದುಕೊಡುವುದು ಅವಿವೇಕ.

ತಪ್ಪು ಕಲ್ಪನೆ 7: ಈಗಿನ ಮಕ್ಕಳು ಓದುವುದಿಲ್ಲ.

ಸತ್ಯ: ಬೀಗ ಹಾಕಿದ ಕಪಾಟಿನ ಮುಂದೆ ನಿಂತು ಮಕ್ಕಳ ಅಭಿರುಚಿಯನ್ನು ದೂಷಿಸುವುದು ನ್ಯಾಯವಲ್ಲ. ಪುಸ್ತಕ ಹರಿದುಹೋದೀತೆಂದು ಅಂಜಿ ಶಾಲೆಯ ಗ್ರಂಥಭಂಡಾರವನ್ನು ಮುಚ್ಚಿಡುವ ಪದ್ಧತಿಯು ಎಲ್ಲಿಯವರೆಗೆ ಇರುವುದೋ ಅಲ್ಲಿಯವರೆಗೆ ಈ ಆರೋಪವನ್ನು ಪರೀಕ್ಷಿಸುವ ಅವಕಾಶವೇ ಇಲ್ಲ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತಿದೆ. ಆ ಸದಸ್ಯನು ಕೈಚಾಚಿದಾಗ ಸಿಗಬೇಕಾದ ಕಾದಂಬರಿಗಳನ್ನು ಬರೆಯುವವರು ಬೇಕಾಗಿದ್ದಾರೆ. ದಪ್ಪ ಪುಸ್ತಕಕ್ಕೆ ಮಕ್ಕಳು ಹೆದರುವರೆಂಬುದೂ ನಿಜವಲ್ಲ: ಹ್ಯಾರಿ ಪಾಟರನ ಐದನೆಯ ಸಂಪುಟವು 700 ಪುಟಗಳನ್ನು ಮೀರಿದ್ದರೂ ಹುಡುಗರು ಅದನ್ನು ಬಿಡಲಿಲ್ಲ.

ಇಷ್ಟನ್ನು ಒಪ್ಪಿದ ಬಳಿಕ ಬರೆಯಹೊರಡುವವರು ಮಾಡಬೇಕಾದುದೇನು? ಕೊಳ್ಳುವವರನ್ನು ತಿರಸ್ಕರಿಸುವಂತಿಲ್ಲ, ಅವರಿಲ್ಲದೆ ಪುಸ್ತಕವು ಬಾಲಕನನ್ನು ಮುಟ್ಟದು. ಆದರೆ ಹಸ್ತಪ್ರತಿಯ ತೀರ್ಪನ್ನು ಅವರಿಗೆ ಬಿಡಕೂಡದು. ಸ್ಟೀವನ್ಸನ್ನನು 1881ರಲ್ಲಿ 'ಟ್ರೆಷರ್ ಐಲೆಂಡ್' ಆರಂಭಿಸಿದಾಗ, ಹದಿಹರೆಯದ ಹೊಸ್ತಿಲಲ್ಲಿದ್ದ ಮಲಮಗನಿಗಾಗಿ ಒಂದು ನಕ್ಷೆ ಬರೆದು, ದಿನಕ್ಕೊಂದು ಅಧ್ಯಾಯದಂತೆ ಮನೆಯವರ ಮುಂದೆ ಓದಿ ಹೇಳುತ್ತಿದ್ದನು. ಆ ಪರೀಕ್ಷೆಗೆ ಖರ್ಚಿಲ್ಲ. ನಿಮ್ಮ ಮಕ್ಕಳಲ್ಲದ, ನಿಮ್ಮ ಮಾತಿಗೆ ಮುಲಾಜು ಇಟ್ಟುಕೊಳ್ಳದ ಆರನೆಯ ತರಗತಿಯ ಹತ್ತು ಮಂದಿಯ ಮುಂದೆ ಅಧ್ಯಾಯವನ್ನು ಗಟ್ಟಿಯಾಗಿ ಓದಿರಿ. ಹೇಗಿತ್ತೆಂದು ಕೇಳಬೇಡಿರಿ, ಕೇಳಿದರೆ ಚೆಂದ ಐತ್ರಿ ಸರ ಎಂದೇ ಹೇಳುವರು. ಯಾವ ವಾಕ್ಯದಲ್ಲಿ ಅವರ ಕಣ್ಣು ಕಿಟಕಿಯ ಕಡೆಗೆ ಹೊರಳಿತೋ ಅಲ್ಲೊಂದು ಗುರುತು ಹಾಕಿ, ಮನೆಗೆ ಬಂದು ಅದನ್ನು ಹೊಡೆದುಹಾಕಿರಿ. ಆ ವಾಕ್ಯವು ಸಮಿತಿಗೆ ಎಷ್ಟೇ ಪ್ರಿಯವಾದ ನೀತಿಯನ್ನು ಹೊತ್ತಿದ್ದರೂ ಸರಿಯೆ.